ಎನ್2 ಆಮೇಲೆ ಬರೆಯಿರಿ, ಮೊದಲು ಪಾಠ ಮಾಡಿ

ದಾವಣಗೆರೆಯ ಓದುಗರೊಬ್ಬರು ಬರೆದಿದ್ದಾರೆ: "ಎಂ.ಎ. ಇಂಗ್ಲಿಷ್ ಮುಗಿಸಿದ್ದೇನೆ. ಜೊತೆಗೆ ಮೂರು ವರ್ಷ ಜಪಾನಿ ಕಲಿತು, ಆ ಭಾಷೆಯ ಪರೀಕ್ಷೆಯಲ್ಲಿ ಎನ್3 ಹಂತ ಪಾಸಾಗಿದ್ದೇನೆ. ಜಪಾನಿನ ಶಾಲೆಯಲ್ಲಿ ಇಂಗ್ಲಿಷ್ ಕಲಿಸುವ ಆಸೆ. ಇನ್ನೊಂದು ವರ್ಷ ಕಾಂಜಿ ಲಿಪಿ ತಿದ್ದಿ, ಅದರ ಮೇಲಿನ ಹಂತವಾದ ಎನ್2 ಬರೆದೇ ಹೋಗಲೇ? ನಾನು ಸಸ್ಯಾಹಾರಿ. ಊಟಕ್ಕೇನು ಮಾಡ್ತೀಯ ಅಂತ ಅಮ್ಮ ದಿನಾ ಕೇಳುತ್ತಾರೆ."

ಹೆಸರು ಹಾಕಬೇಡಿ ಎಂದಿದ್ದೀರಿ. ಹಾಗೇ ಆಗಲಿ.

ನಿಮ್ಮ ನಾಲ್ಕು ಪುಟದ ಪತ್ರವನ್ನು ಎರಡು ಸಲ ಓದಿದೆ. ಕಾಂಜಿಯ ಬಗ್ಗೆ ಒಂದೂವರೆ ಪುಟ ಇದೆ. ಪಾಠ ಮಾಡುವುದರ ಬಗ್ಗೆ ಒಂದು ಸಾಲೂ ಇಲ್ಲ. ನೀವು ಹೊರಟಿರುವುದು ಜಪಾನಿ ಮಾತಾಡಲು ಅಲ್ಲ, ಇಂಗ್ಲಿಷ್ ಕಲಿಸಲು ಅಲ್ವಾ?

ಅಲ್ಲಿನ ಸರ್ಕಾರಿ ಶಾಲೆಗಳಲ್ಲಿ ನಿಮ್ಮಂಥವರನ್ನು ಎಎಲ್‌ಟಿ ಅನ್ನುತ್ತಾರೆ, ಅಂದರೆ ಸಹಾಯಕ ಭಾಷಾ ಶಿಕ್ಷಕರು. ಪಕ್ಕದಲ್ಲಿ ಜಪಾನಿ ಶಿಕ್ಷಕರು ಇರುತ್ತಾರೆ. ತರಗತಿಯಲ್ಲಿ ಇಂಗ್ಲಿಷನ್ನೇ ಆಡಿ ಅನ್ನುವ ಶಾಲೆಗಳೇ ಜಾಸ್ತಿ. ಕಾರಣ ಸರಳ. ನಿಮಗೆ ಜಪಾನಿ ಬರುತ್ತದೆ ಎಂದು ಮಕ್ಕಳಿಗೆ ಗೊತ್ತಾದರೆ ಅವರು ಇಂಗ್ಲಿಷಿಗೆ ಬಾಯಿ ತೆರೆಯುವುದೇ ಇಲ್ಲ. 2020ರಿಂದ ಅಲ್ಲಿ 5 ಮತ್ತು 6ನೇ ತರಗತಿಗೆ ಇಂಗ್ಲಿಷ್ ಪೂರ್ಣ ವಿಷಯವಾಗಿದೆ. 3 ಮತ್ತು 4ರಲ್ಲಿ ಆಟ, ಹಾಡು, ಮಾತು. ಒಂಬತ್ತು ವರ್ಷದ ಮಗುವಿನ ಮುಂದೆ ನಿಮ್ಮ ಎಂ.ಎ.ಯೂ ನಡೆಯುವುದಿಲ್ಲ, ಎನ್2 ಕೂಡ ನಡೆಯುವುದಿಲ್ಲ.

ಪತ್ರಿಕೆಗೆ ಬರುವ ಮುಂಚೆ ನಾನು ಎರಡು ವರ್ಷ ಮೇಷ್ಟ್ರಾಗಿದ್ದೆ. ಮೊದಲ ದಿನ ನಲವತ್ತು ನಿಮಿಷಕ್ಕೆ ಎಂದು ರಾತ್ರಿಯಿಡೀ ತಯಾರಿ ಮಾಡಿಕೊಂಡು ಹೋದೆ. ಹನ್ನೆರಡೇ ನಿಮಿಷಕ್ಕೆ ಸರಕು ಖಾಲಿ. ಉಳಿದ ಇಪ್ಪತ್ತೆಂಟು ನಿಮಿಷ ಹಾಜರಿ ಕೂಗಿದ್ದನ್ನೇ ಮತ್ತೆ ಕೂಗಿದೆ. ಈ ಅವಮಾನ ಊರಲ್ಲೇ ಆಗಿಬಿಡಲಿ. ಹತ್ತಿರದ ಶಾಲೆಯಲ್ಲಿ ಕೇಳಿ, ವಾರಕ್ಕೆ ಎರಡು ಪೀರಿಯಡ್ ತೆಗೆದುಕೊಳ್ಳಿ. ಚಿಕ್ಕ ಮಕ್ಕಳೇ ಇರಲಿ.

ಕನ್ನಡದವರಿಗೆ ಒಂದು ಅನುಕೂಲ ಇದೆ, ಅದನ್ನು ಯಾರೂ ಹೇಳುವುದಿಲ್ಲ. ಜಪಾನಿನ ಮಗು ಬಸ್‌ಗೆ 'ಬಸು' ಅನ್ನುತ್ತದೆ, ಟೇಬಲ್‌ಗೆ 'ತೇಬುರು'. ನಮ್ಮ ಅಜ್ಜಿ ಬಸ್ಸು, ಕಾರು, ಟೇಬಲ್ಲು ಅಂದ ಹಾಗೆ. ಕೊನೆಗೊಂದು ಸ್ವರ ಅಂಟಿಸದೆ ಅವರಿಗೂ ಸಮಾಧಾನವಿಲ್ಲ, ನಮಗೂ ಇಲ್ಲ. ವಾಕ್ಯವೂ ಹಾಗೆಯೇ. 'ತೋಕ್ಯೋ ನಿ ಇಕಿಮಾಸು' ಅಂದರೆ ಟೋಕಿಯೋಗೆ ಹೋಗುತ್ತೇನೆ. 'ಗೆ' ಇರುವ ಜಾಗದಲ್ಲೇ 'ನಿ', ಕ್ರಿಯಾಪದ ಕೊನೆಗೆ. ಮಗು ಇಂಗ್ಲಿಷ್ ವಾಕ್ಯವನ್ನು ತಿರುವುಮುರುವು ಮಾಡಿದಾಗ ಎಲ್ಲಿ ಎಡವಿತು ಎಂದು ನಿಮಗೆ ಥಟ್ಟನೆ ಹೊಳೆಯುತ್ತದೆ. ನೀವೂ ಅಲ್ಲೇ ಎಡವಿ ಎದ್ದವರಲ್ಲವೇ.

ಹಾಗಾದರೆ ಮೂರು ವರ್ಷದ ಕಲಿಕೆ ದಂಡವೇ? ಖಂಡಿತ ಇಲ್ಲ. ತರಗತಿಯ ಬಾಗಿಲು ದಾಟಿದರೆ ಅದೇ ಆಧಾರ. ಸ್ಟಾಫ್ ರೂಮಿನ ಬೆಳಗಿನ ಮೀಟಿಂಗ್ ಪೂರ್ತಿ ಜಪಾನಿಯಲ್ಲಿ. ಮನೆ ಹಿಡಿದ 14 ದಿನದೊಳಗೆ ಪುರಸಭೆಯಲ್ಲಿ ವಿಳಾಸ ಬರೆಸಬೇಕು. ಕಸ ಯಾವ ವಾರ ಯಾವುದು ಎಂಬ ಪಟ್ಟಿ ಓದಬೇಕು. ಇದಕ್ಕೆಲ್ಲ ಎನ್3 ಸಾಕು.

ಈಗ ಕಾಗದಪತ್ರ. ನಿಮ್ಮ ವಿಷಯದಲ್ಲಿ ತೊಡಕು ಇರುವುದು ಇಲ್ಲೇ. ಶಾಲೆಯಲ್ಲಿ ಇಂಗ್ಲಿಷ್ ಕಲಿಸಲು ಬರುವ ವಿದೇಶಿಯರು 12 ವರ್ಷ ಇಂಗ್ಲಿಷ್ ಮಾಧ್ಯಮದಲ್ಲಿ ಓದಿರಬೇಕು ಎಂದು ಸಾಮಾನ್ಯವಾಗಿ ಕೇಳುತ್ತಾರೆ. ನೀವು 4ನೇ ತರಗತಿವರೆಗೆ ಕನ್ನಡ ಮಾಧ್ಯಮ. 5ರಿಂದ 10ರವರೆಗೆ ಆರು, ಪಿಯು ಎರಡು, ಬಿ.ಎ. ಮೂರು: ಹನ್ನೊಂದು. ಎಂ.ಎ.ಯ ಎರಡು ಸೇರಿ ಹದಿಮೂರು. ಆ ಎಂ.ಎ. ನಿಮ್ಮನ್ನು ಕಾಪಾಡಬಹುದು. ಅದನ್ನು ಲೆಕ್ಕಕ್ಕೆ ಹಿಡಿಯುತ್ತಾರಾ ಎಂದು ಅರ್ಜಿ ಹಾಕುವ ಮುಂಚೆಯೇ ಬರಹದಲ್ಲಿ ಕೇಳಿ. ಪ್ರತಿ ಶಾಲೆ, ಕಾಲೇಜಿನಿಂದ ಇಂಗ್ಲಿಷ್ ಮಾಧ್ಯಮದ ಪ್ರಮಾಣಪತ್ರ ಈಗಲೇ ತನ್ನಿ. ಹಳೇ ಶಾಲೆಯ ಕಚೇರಿಗೆ ಮೂರು ಸಲವಾದರೂ ಅಲೆಯಬೇಕಾದೀತು.

ದಾರಿ ಎರಡು. ಒಂದು, ವಿದೇಶಿಯರನ್ನು ಶಾಲೆಗಳಿಗೆ ಕರೆಸಿಕೊಳ್ಳಲು ಜಪಾನ್ ಸರ್ಕಾರ 1987ರಿಂದ ನಡೆಸುತ್ತಿರುವ ಜೆಟ್ ಯೋಜನೆ. ಪದವಿ ಬೇಕು, ಅರ್ಜಿ ರಾಯಭಾರ ಕಚೇರಿಯ ಮೂಲಕ. ವಿಮಾನದ ಟಿಕೆಟ್ ಅವರದೇ. ವರ್ಷಕ್ಕೊಮ್ಮೆ ಒಪ್ಪಂದ, ಹೆಚ್ಚೆಂದರೆ ಐದು ವರ್ಷ. ಆದರೆ ಭಾರತದಿಂದ ಹೋಗುವವರು ಬಹಳ ಕಡಿಮೆ. ಇನ್ನೊಂದು, ಶಾಲೆಗಳಿಗೆ ಶಿಕ್ಷಕರನ್ನು ಕಳಿಸುವ ಖಾಸಗಿ ಕಂಪನಿಗಳು. ಕೆಲವು ಕಂಪನಿಗಳು ರಜೆಯ ತಿಂಗಳುಗಳಲ್ಲಿ ಸಂಬಳ ಕತ್ತರಿಸುತ್ತವೆ. ಸಹಿ ಹಾಕುವ ಮುಂಚೆ ಆಗಸ್ಟ್ ತಿಂಗಳ ಸಂಬಳ ಎಷ್ಟು ಎಂದು ಕೇಳಿ. ಮನೆ ಹಿಡಿಯುವಾಗ ಠೇವಣಿಯ ಜೊತೆಗೆ 'ರೇಕಿನ್' ಎಂದೂ ಕೊಡಬೇಕಾಗಬಹುದು, ಅಂದರೆ ಮಾಲೀಕರಿಗೆ ಕಾಣಿಕೆ. ಅದು ವಾಪಸ್ ಬರುವುದಿಲ್ಲ. ಮೊದಲ ಸಂಬಳದವರೆಗೆ ಕೈಯಲ್ಲಿ ದುಡ್ಡಿರಲಿ.

ಕೊನೆಗೆ ಅಮ್ಮನ ಪ್ರಶ್ನೆ. ಅದು ನಿಮ್ಮ ಕಾಂಜಿಗಿಂತ ಒಳ್ಳೆಯ ಪ್ರಶ್ನೆ. ಶಾಲೆಯ ಊಟ ಮಕ್ಕಳ ಜೊತೆ ತರಗತಿಯಲ್ಲೇ. ಮಾಂಸ ಕಾಣದಿದ್ದರೂ ಸಾರಿನಲ್ಲಿ 'ದಾಶಿ' ಇರುತ್ತದೆ. ಅದನ್ನು ಹೆಚ್ಚಾಗಿ ಒಣಗಿಸಿದ ಮೀನಿನಿಂದ ತೆಗೆಯುತ್ತಾರೆ. 'ತರಕಾರಿ ಮಾತ್ರ' ಎಂದರೂ ಅದನ್ನು ಮೀನೆಂದು ಅವರು ಲೆಕ್ಕಕ್ಕೆ ಹಿಡಿಯದಿರಬಹುದು. ದಾಶಿಯೂ ಬೇಡ ಎಂದು ಮೊದಲೇ ಬಿಡಿಸಿ ಹೇಳಿ, ಡಬ್ಬಿ ಒಯ್ಯಲು ಅನುಮತಿ ಕೇಳಿ. ಅಲರ್ಜಿ ಇರುವ ಮಕ್ಕಳೂ ಮನೆಯಿಂದ ತರುತ್ತಾರೆ, ಹೊಸದೇನಲ್ಲ. ಅಕ್ಕಿ, ಮೊಸರು ಎಲ್ಲ ಕಡೆ ಸಿಗುತ್ತದೆ. ಬೇಳೆಗೆ ಟೋಕಿಯೋದ ನಿಶಿಕಸಾಯಿಯಲ್ಲಿ ಭಾರತದ ಅಂಗಡಿಗಳೇ ಇವೆ. ಹಳ್ಳಿಯ ಶಾಲೆ ಸಿಕ್ಕರೆ ಅಂಚೆಯಲ್ಲಿ ತರಿಸಿಕೊಳ್ಳಬೇಕಾದೀತು.

ಅಮ್ಮನಿಗೆ ಇಷ್ಟು ಓದಿ ಹೇಳಿ. ಮುಂದಿನ ಪತ್ರದಲ್ಲಿ ನಿಮ್ಮ ಮೊದಲ ಪಾಠ ಎಷ್ಟು ನಿಮಿಷಕ್ಕೆ ಮುಗಿಯಿತು ಎಂದು ಬರೆಯಿರಿ. ಹನ್ನೆರಡಕ್ಕಿಂತ ಜಾಸ್ತಿ ಆಗಿದ್ದರೆ ನನಗಿಂತ ಮುಂದಿದ್ದೀರಿ.

— ಸಂಪಾದಕ