ಹಳೆ ಫ್ರಾಕಿನ ಬಟ್ಟೆಯಲ್ಲಿ ಬಾಲ್ಯದ ಮನೆ

ಚಿಕ್ಕಂದಿನ ಫ್ರಾಕಿನ ಬಟ್ಟೆಯಲ್ಲಿ ಹಳೆ ಮನೆಯ ಚಿತ್ರ ಹೊಲಿಯಬೇಕು, ಆದರೆ ಸೂಜಿ ಹಾಕಿದಲ್ಲೆಲ್ಲ ಪಿಸಿಯುತ್ತಿದೆ ಅಂದಿದ್ದೀರಿ. ಮೊದಲು ಮೆಷಿನ್ ಬಿಟ್ಟುಬಿಡಿ. ಒಗೆದು ಕುಗ್ಗಿಸಿದ ತೆಳು ಹತ್ತಿ ಬಟ್ಟೆಯನ್ನು ಅಸ್ತರಾಗಿ ಕೊಟ್ಟು, ಸುತ್ತ ಕಚ್ಚಾ ಹೊಲಿಗೆ ಹಾಕಿ. ಕಸೂತಿ ದಾರದ 6 ಎಳೆಗಳಲ್ಲಿ ಒಂದನ್ನೇ ಬಿಡಿಸಿಕೊಂಡು ಸಣ್ಣ ಸೂಜಿಯಲ್ಲಿ ಹೊಲಿಯಿರಿ.

ಇನ್ನು ಫೋಟೊ ನೋಡಿ ಇಡೀ ಮನೆ ಹೊಲಿಯುವ ವಿಚಾರ. ಅದು ಬೇಡ ಅನ್ನುತ್ತೇನೆ. ಕಿಟಕಿಯ ಸರಳು ಹಿಡಿದು ಮಳೆ ನೋಡುತ್ತಿದ್ದೆ ಅಂತ ನೀವೇ ಬರೆದಿದ್ದೀರಲ್ಲ, ಅಷ್ಟನ್ನೇ ಹೊಲಿಯಿರಿ. ಕಿಟಕಿ ಮಗುವಿನ ಕಣ್ಣಿಗೆ ಕಂಡಷ್ಟು ದೊಡ್ಡದಾಗಿರಲಿ, ಸರಳು ತೋಳಿನಷ್ಟು ದಪ್ಪವಾದರೂ ತಪ್ಪಿಲ್ಲ. ನೆನಪಿಲ್ಲದ ಜಾಗವನ್ನು ಖಾಲಿ ಬಿಡಿ. ಫ್ರಾಕಿನ ತೇಪೆ, ಕಲೆ, ಅಂಚು ಬಿಚ್ಚಿ ಉದ್ದ ಮಾಡಿದ ಗೆರೆ ಇದ್ದರೆ ದಯವಿಟ್ಟು ಕತ್ತರಿಸಿ ಎಸೆಯಬೇಡಿ. ನೀವು ಬೆಳೆದ ಗುರುತು ಅದು, ಯಾವ ದಾರದಿಂದಲೂ ಮತ್ತೆ ಮೂಡಿಸಲಾಗದು.

ಕಲಾವಿದೆ ಲೂಯಿಸ್ ಬೂರ್ಜ್ವಾ (1911–2010) ಅವರ ಕೆಲಸ ಒಮ್ಮೆ ನೋಡಿ. ಹಳೆ ಟ್ಯಾಪೆಸ್ಟ್ರಿಗಳನ್ನು (ಚಿತ್ರ ನೇಯ್ದ, ಗೋಡೆಗೆ ತೂಗುಹಾಕುವ ದಪ್ಪ ಬಟ್ಟೆ) ದುರಸ್ತಿ ಮಾಡುವ ಮನೆಯಲ್ಲಿ ಬೆಳೆದ ಅವರು, ಎಂಬತ್ತು ದಾಟಿದ ಮೇಲೆ ತಾವು ಕಾಪಿಟ್ಟಿದ್ದ ಬಟ್ಟೆಗಳಿಂದಲೇ ಕಲಾಕೃತಿ ಮಾಡಿದರು. ಹಲವು ಕೃತಿಗಳಲ್ಲಿ ಹೊಲಿಗೆ ಒರಟಾಗಿ ಎದ್ದು ಕಾಣುತ್ತದೆ, ನನಗೆ ತುಂಬ ಇಷ್ಟವಾದದ್ದು ಅದೇ.

ಹಾಂ, ಒದ್ದೆ ಬಿಳಿ ಬಟ್ಟೆ ಒತ್ತಿ ಬಣ್ಣ ಬಿಡುತ್ತದೆಯೇ ನೋಡಿಕೊಂಡೇ ಫ್ರಾಕಿಗೆ ಕತ್ತರಿ ಹಾಕಿ.