ಡಚ್ಚರ ‘ಝೌ’, ನಮ್ಮ ‘ಅಂತೆ’

ನೆದರ್‌ಲೆಂಡ್ಸ್‌ನ ಐಂಡ್‌ಹೋವನ್‌ಗೆ ಬಂದು ಮೂರು ತಿಂಗಳಾಗಿರುವ ನೀವು, ಇಲ್ಲಿಯವರ ಡಚ್ ಮಾತಿನಲ್ಲಿ ಮತ್ತೆ ಮತ್ತೆ ಕೇಳಿಬರುವ ‘ಝೌ’ ಎಂಬ ಕ್ರಿಯಾರೂಪಕ್ಕೆ ಇಂಗ್ಲಿಷಿನ ‘ವುಡ್’ (would) ಎಂಬ ಅರ್ಥವನ್ನೇ ಹಚ್ಚಿಕೊಂಡು ಓದಿದರೆ ಪತ್ರಿಕೆಯ ವಾಕ್ಯಗಳು ಅರ್ಥವಾಗುತ್ತಿಲ್ಲವೆಂದು ಬರೆದಿದ್ದೀರಿ. ಹದಿನಾಲ್ಕು ವರ್ಷಗಳಿಂದ ಇಲ್ಲಿರುವ ನನ್ನ ಅನುಭವದಲ್ಲಿ, ಈ ರೂಪವನ್ನು ಇಂಗ್ಲಿಷಿಗಿಂತ ಕನ್ನಡದ ಮೂಲಕ ಕಲಿಯುವುದೇ ಸುಲಭ.

‘ಝೌ’ ಎಂಬುದು ‘ಝುಲ್ಲನ್’ ಎಂಬ ಸಹಾಯಕ ಕ್ರಿಯಾಪದದ ಭೂತಕಾಲದ ಏಕವಚನ; ಬಹುವಚನದಲ್ಲಿ ‘ಝೌಡನ್’ ಆಗುತ್ತದೆ. ನೀವು ಕೇಳಿರುವ ‘ದ ಮಿನಿಸ್ಟರ್ ಝೌ ಝೀಕ್ ಝೆಯ್ನ್’ ಎಂಬ ವಾಕ್ಯಕ್ಕೆ ‘ಸಚಿವರಿಗೆ ಕಾಯಿಲೆಯಂತೆ’ ಎಂದು ಅರ್ಥ. ಸುದ್ದಿಯನ್ನು ತಾನು ಕಣ್ಣಾರೆ ಕಂಡಿಲ್ಲ, ಅದರ ಹೊಣೆ ತನ್ನದಲ್ಲ ಎಂಬುದನ್ನು ನಾವು ‘ಅಂತೆ’ ಎಂಬ ಎರಡಕ್ಷರದಿಂದ ತಿಳಿಸುವಂತೆ ಡಚ್ಚರು ‘ಝೌ’ದಿಂದ ತಿಳಿಸುತ್ತಾರೆ. ಅಪರಾಧದ ವರದಿಗಳಲ್ಲಿ ಇದು ಹೆಚ್ಚಾಗಿ ಕಾಣುವುದೂ ಇದೇ ಕಾರಣಕ್ಕೆ. ಆರೋಪಿಯು ಹಣ ಕದ್ದನಂತೆ ಎಂದಷ್ಟೇ ಅಲ್ಲಿ ಬರೆದಿರುತ್ತದೆ. ಆ ಪದವನ್ನು ಬಿಟ್ಟು ಓದಿದರೆ ಇನ್ನೂ ಸಾಬೀತಾಗದ ಮಾತನ್ನು ನಿಜವೆಂದು ನಂಬಿಬಿಡುತ್ತೀರಿ.

ಇದರ ಇನ್ನೊಂದು ಬಳಕೆಯನ್ನು ನಾನು ಕಲಿತದ್ದು ಮನೆಯ ಬಾಗಿಲಲ್ಲಿ. ಸೋರುವ ನಲ್ಲಿಯನ್ನು ಸರಿಪಡಿಸಲು ಬಂದವರು ಪೆಟ್ಟಿಗೆಯನ್ನು ಕೆಳಗಿಟ್ಟು ‘ಇಕ್ ಝೌ ಖಿಸ್ಟರನ್ ಕೋಮನ್’ ಎಂದಾಗ, ನಿನ್ನೆಯೇ ಬಂದು ಹೋದೆನೆಂದು ಹೇಳುತ್ತಿದ್ದಾರೆಂದು ಭಾವಿಸಿ, ನಾವು ಇಡೀ ದಿನ ಮನೆಯಲ್ಲೇ ಇದ್ದೆವೆಂದು ನಾನು ವಾದಕ್ಕಿಳಿದೆ. ಅವರು ಹೇಳಿದ್ದು ‘ನಿನ್ನೆ ಬರಬೇಕಾಗಿತ್ತು’ ಎಂದು. ಬರಲಾಗಲಿಲ್ಲ ಎಂಬುದು ಆ ಒಂದು ಪದದಲ್ಲೇ ಅಡಗಿತ್ತು.

ಸಹಾಯ ಕೇಳುವಾಗ ‘ಝೌ ಊ...’, ಅಂದರೆ ‘ತಾವು ದಯವಿಟ್ಟು...’ ಎಂಬಂತೆ ಆರಂಭಿಸಿದರೆ ಮಾತು ಮೃದುವಾಗುತ್ತದೆ, ಅದನ್ನು ನೀವೇ ಗಮನಿಸಿರುತ್ತೀರಿ. ಆದರೆ ನೆರೆಯವರು ‘ದಾಟ್ ಝೌ ಇಕ್ ನೀಟ್ ಡೂನ್’ ಎಂದರೆ ಕೈಯಲ್ಲಿರುವ ಕೆಲಸವನ್ನು ಅಲ್ಲಿಗೇ ನಿಲ್ಲಿಸಿ. ‘ನಾನಾಗಿದ್ದರೆ ಹಾಗೆ ಮಾಡುತ್ತಿರಲಿಲ್ಲ’ ಎಂಬ ಈ ಮಾತು ಕೇಳಲು ಸೌಮ್ಯವಾಗಿದ್ದರೂ ಬಹುಪಾಲು ಅದು ಎಚ್ಚರಿಕೆಯೇ ಆಗಿರುತ್ತದೆ.

ನನಗೆ ಬಹಳ ಪ್ರಿಯವಾದ ಬಳಕೆಯೆಂದರೆ ಅನುಮಾನದ ಪ್ರಶ್ನೆ. ಬಸ್ ನಿಲ್ದಾಣದಲ್ಲಿ ಪಕ್ಕದವರು ಆಕಾಶ ನೋಡಿ ‘ಝೌ ಹೆಟ್ ಖಾನ್ ರೇಖನನ್?’ ಎಂದರೆ ಅದು ನಮ್ಮ ‘ಮಳೆ ಬಂದೀತೇ?’ ಎಂಬ ಪ್ರಶ್ನೆಯೇ. ‘ಝೌ ಕುನ್ನನ್’, ಅಂದರೆ ‘ಬಂದರೂ ಬಂದೀತು’ ಎಂದಿಷ್ಟು ಉತ್ತರಿಸಿದರೆ ಸಾಕು.