ಬೆಟ್ಟವೇ ಕೆಳಕ್ಕೆ ಎಳೆಯುವಾಗ ಡೌನ್‌ಹಿಲ್ ಸ್ಕೀ ಚಾಂಪಿಯನ್‌ಗೆ ಏನು ಕೆಲಸ? ಆಸ್ಟ್ರಿಯಾದ ಸ್ಕೀ ಆಟಗಾರ ಫ್ರಾಂಜ್ ಕ್ಲಾಮರ್ ಹೆಸರನ್ನು ಇವತ್ತಿಗೂ ಯಾಕೆ ಹೇಳುತ್ತಾರೆ?

ಡೌನ್‌ಹಿಲ್ ಅಂದರೆ ಕಾಲಿಗೆ ಸ್ಕೀ ಅನ್ನುವ ಉದ್ದನೆಯ ಜಾರುಪಟ್ಟಿ ಕಟ್ಟಿಕೊಂಡು ಹಿಮದ ಬೆಟ್ಟವನ್ನು ಒಬ್ಬೊಬ್ಬರಾಗಿ, ಆದಷ್ಟು ಬೇಗ ಇಳಿಯುವುದು. ಎಳೆತ ಎಲ್ಲರಿಗೂ ಇದ್ದದ್ದೇ. ಸಿಕ್ಕ ವೇಗವನ್ನು ಯಾರು ಕಡಿಮೆ ಪೋಲು ಮಾಡುತ್ತಾರೆ ಅನ್ನುವುದೇ ಈ ಸ್ಪರ್ಧೆ.

ವೇಗ ಸೋರುವ ಮೊದಲ ಜಾಗ ಗಾಳಿ. ವೇಗ ಎರಡು ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟಾಗುತ್ತದೆ. ಅದಕ್ಕೇ ಎದೆಯನ್ನು ತೊಡೆಗೆ ತಾಗಿಸಿ, ಮುಷ್ಟಿಗಳನ್ನು ಮುಖದ ಮುಂದೆ ಜೋಡಿಸಿ ಕುಕ್ಕರುಗಾಲಿನಲ್ಲಿ ಇಳಿಯುತ್ತಾರೆ. ಇದನ್ನೇ ಟಕ್ ಅನ್ನುವುದು. ಸುಮಾರು ಎರಡು ನಿಮಿಷದ ಓಟದಲ್ಲಿ ತೊಡೆಗೆ ಬೆಂಕಿ ಬಿದ್ದಂತಾಗುತ್ತದೆ. ಕಾಲು ಸೋತವರ ಮೈ ಕೊನೆಕೊನೆಗೆ ತಾನಾಗಿ ಮೇಲೇಳುತ್ತದೆ, ಗಳಿಸಿದ್ದೆಲ್ಲ ಅಲ್ಲೇ ಹೋಗುತ್ತದೆ.

ಎರಡನೆಯದು ತಿರುವು. ದಾರಿ ಗುರುತಿಸಲು ಅಲ್ಲಲ್ಲಿ ನೆಟ್ಟ ಕಂಬಗಳ ಜೋಡಿಗೆ ಗೇಟ್ ಅನ್ನುತ್ತಾರೆ, ಅದರ ನಡುವೆಯೇ ಹಾದು ಹೋಗಬೇಕು. ಗೇಟ್ ಹತ್ತಿರ ಬಂದ ಮೇಲೆ ತಿರುಗಿದರೆ ತಡವಾಯಿತು ಅಂತಲೇ ಲೆಕ್ಕ. ಗೇಟಿಗೆ ಮೊದಲೇ ಹೊರಗಿನ ಕಾಲಿನ ಸ್ಕೀ ಮೇಲೆ ಭಾರ ಹಾಕಿ, ಅದರ ಉಕ್ಕಿನ ಅಂಚನ್ನು ಹಿಮಕ್ಕೆ ಕಚ್ಚಿಸಿ, ಗೇಟ್ ದಾಟುವಷ್ಟರಲ್ಲಿ ತಿರುವಿನ ಬಹುಪಾಲು ಮುಗಿದಿರಬೇಕು. ತಡವಾದರೆ ಗೇಟಿನ ಕೆಳಗೆ ಅಂಚನ್ನು ಜೋರಾಗಿ ಒತ್ತಬೇಕಾಗುತ್ತದೆ, ಸ್ಕೀ ಅಡ್ಡ ಜಾರುತ್ತದೆ. ಅಲ್ಲಿ ಕಳೆದುಕೊಂಡದ್ದು ಆ ತಿರುವಿಗಷ್ಟೇ ಅಲ್ಲ, ಮುಂದೆ ಸಪಾಟು ಜಾಗ ಬಂದರೆ ಅದರ ಉದ್ದಕ್ಕೂ ಕಾಡುತ್ತದೆ. ಜಿಗಿತದಲ್ಲೂ ಹಾಗೇ. ದಿಬ್ಬದ ಅಂಚಿಗೆ ಬರುತ್ತಿದ್ದಂತೆ ಮೊಣಕಾಲು ಮೇಲೆಳೆದುಕೊಂಡು ಕೈ ಮುಂದಿಡದಿದ್ದರೆ ಸ್ಕೀಯ ಮೂತಿ ಮೇಲೇಳುತ್ತದೆ, ಅದರಡಿ ಗಾಳಿ ನುಗ್ಗಿ ಮನುಷ್ಯನನ್ನು ಹಿಂದಕ್ಕೆ ಮಗುಚುತ್ತದೆ. ದೊಡ್ಡ ಬೀಳುವಿಕೆಗಳಲ್ಲಿ ಹಲವು ಹೀಗೇ ಶುರುವಾಗುತ್ತವೆ.

ಮೂರನೆಯದು ಸ್ಕೀಯ ತಳ. ಈಗಿನ ನಿಯಮದಂತೆ ಗಂಡಸರ ಡೌನ್‌ಹಿಲ್ ಸ್ಕೀ ಕನಿಷ್ಠ 218 ಸೆಂ.ಮೀ. ಉದ್ದ ಇರಬೇಕು. ತಳದ ಪ್ಲಾಸ್ಟಿಕ್ ಮೇಲೆ ಕಲ್ಲಿನ ಚಕ್ರದಿಂದ ಸಣ್ಣ ಗೀರು ಹಾಕಿ, ಅದರ ಮೇಲೆ ಮೇಣ ಕಾಯಿಸಿ ಹಚ್ಚುತ್ತಾರೆ. ಹಿಮ ಒದ್ದೆಯಾಗಿದ್ದರೆ ಗೀರು ದಪ್ಪ ಇರಬೇಕು, ಇಲ್ಲದಿದ್ದರೆ ನೀರಿನ ಪದರ ತಳವನ್ನು ಹಿಡಿದೆಳೆಯುತ್ತದೆ. ಒಣ, ಕೊರೆಯುವ ಹಿಮಕ್ಕೆ ನಯವಾದ ಗೀರು. ಮೇಣವನ್ನು ಹಿಮದ ಉಷ್ಣಾಂಶ ನೋಡಿ ಆರಿಸುತ್ತಾರೆ. ಈ ಅಂದಾಜು ತಪ್ಪಿದರೆ ಎಂಥ ಆಟಗಾರನೂ ಸಪಾಟಿನಲ್ಲಿ ಹಿಂದೆ ಬೀಳುತ್ತಾನೆ.

ಇನ್ನು ಕ್ಲಾಮರ್. ಹುಟ್ಟಿದ್ದು 1953ರಲ್ಲಿ, ಆಸ್ಟ್ರಿಯಾದ ಕರಿಂಥಿಯಾ ಪ್ರಾಂತ್ಯದ ಮೋಸ್‌ವಾಲ್ಡ್‌ನಲ್ಲಿ, ರೈತರ ಮನೆಯಲ್ಲಿ. 1974-75ರ ಋತುವಿನ ವಿಶ್ವಕಪ್‌ನಲ್ಲಿ (ಋತುವಿನುದ್ದಕ್ಕೂ ಬೇರೆ ಬೇರೆ ಊರುಗಳಲ್ಲಿ ನಡೆಯುವ ಸ್ಪರ್ಧೆಗಳ ಸರಣಿ) ಒಂಬತ್ತು ಡೌನ್‌ಹಿಲ್‌ಗಳಲ್ಲಿ ಎಂಟನ್ನು ಗೆದ್ದರು. ಅದರಲ್ಲಿ ಆಸ್ಟ್ರಿಯಾದ ಕಿಟ್ಸ್‌ಬ್ಯೂಲ್ ಊರಿನ ಗೆಲುವಿನ ಅಂತರ ಬರೀ 0.01 ಸೆಕೆಂಡ್. ಗಂಟೆಗೆ ನೂರು ಕಿ.ಮೀ. ವೇಗದಲ್ಲಿ ಅದು ಒಂದು ಗೇಣಿಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಆದರೂ ಆ ವರ್ಷದ ಒಟ್ಟಾರೆ ವಿಶ್ವಕಪ್ ಹೋದದ್ದು ಇಟಲಿಯ ಗುಸ್ತಾವ್ ಥೋನಿಗೆ. ಒಟ್ಟಾರೆ ಪಟ್ಟಿಗೆ ಸ್ಲಾಲಮ್, ಜೈಂಟ್ ಸ್ಲಾಲಮ್ ಅನ್ನುವ, ತಿರುವುಗಳೇ ಹೆಚ್ಚಿರುವ ಸ್ಪರ್ಧೆಗಳ ಅಂಕಗಳೂ ಸೇರುತ್ತವೆ. ಡೌನ್‌ಹಿಲ್ ಒಂದನ್ನೇ ನೆಚ್ಚಿಕೊಂಡವರಿಗೆ ಅದು ಸಿಗುವುದು ಕಷ್ಟ.

ಜನ ನೆನೆಯುವುದು 1976ರ ಫೆಬ್ರುವರಿ 5ನ್ನು. ಇನ್ಸ್‌ಬ್ರುಕ್ ಒಲಿಂಪಿಕ್ಸ್, ಪಾಚರ್‌ಕೋಫೆಲ್ ಬೆಟ್ಟ, ತವರಿನ ಜನ. 1972ರ ಚಿನ್ನ ಗೆದ್ದಿದ್ದ ಸ್ವಿಟ್ಜರ್ಲೆಂಡಿನ ಬರ್ನ್‌ಹಾರ್ಡ್ ರೂಸಿ ಮೊದಲೇ ಇಳಿದು 1 ನಿಮಿಷ 46.06 ಸೆಕೆಂಡ್ ಬರೆಸಿದ್ದರು. ಕ್ಲಾಮರ್ ಸರದಿ ಹದಿನೈದನೆಯದು. ಮೇಲ್ಭಾಗದಲ್ಲಿ ಅವರು ರೂಸಿಗಿಂತ ಹಿಂದಿದ್ದರು. ವಿಡಿಯೊ ನೋಡಿದರೆ ಕೈಗಳು ಗಾಳಿಯಲ್ಲಿ ಈಜಾಡುತ್ತವೆ, ಒಂದು ಸ್ಕೀ ಒಂದು ಕಡೆ, ಇನ್ನೊಂದು ಇನ್ನೊಂದು ಕಡೆ. ಚೆಂದದ ಓಟ ಅಂತ ಯಾವ ಕೋಚೂ ಹೇಳಲಿಕ್ಕಿಲ್ಲ. ಆದರೆ ಕೆಳಭಾಗದಲ್ಲಿ ಅವರು ಬೇಲಿಯ ಹತ್ತಿರದವರೆಗೂ ಅಗಲಕ್ಕೆ ಹೋಗಲು ಹೆದರಲಿಲ್ಲ. ಅಗಲಕ್ಕೆ ಹೋದರೆ ದಾರಿ ಉದ್ದ, ನಿಜ. ಆದರೆ ತಿರುವು ದುಂಡಗಾಗುತ್ತದೆ, ಅಂಚು ಕೆರೆಯುವುದಿಲ್ಲ, ವೇಗ ಮುಂದಿನ ಭಾಗಕ್ಕೆ ದಾಟುತ್ತದೆ. ಮುಗಿಸಿದ್ದು 1:45.73ಕ್ಕೆ. 0.33 ಸೆಕೆಂಡ್ ಮುಂದೆ, ಸರಾಸರಿ ವೇಗದಲ್ಲಿ ಲೆಕ್ಕ ಹಾಕಿದರೆ ಒಂಬತ್ತು ಮೀಟರ್‌ ಚಿಲ್ಲರೆ.

ಆಮೇಲಿನ ಕಥೆಯನ್ನು ಯಾರೂ ಅಷ್ಟು ಹೇಳುವುದಿಲ್ಲ. 1977ರಲ್ಲಿ ಅವರ ತಮ್ಮ ಡೌನ್‌ಹಿಲ್ ಸ್ಪರ್ಧೆಯಲ್ಲೇ ಬಿದ್ದು ಗಾಲಿಕುರ್ಚಿ ಹಿಡಿಯಬೇಕಾಯಿತು. 1978ರವರೆಗೆ ಸತತ ನಾಲ್ಕು ವರ್ಷ ವಿಶ್ವಕಪ್‌ನ ಡೌನ್‌ಹಿಲ್ ಪಟ್ಟ ಕ್ಲಾಮರ್‌ದೇ. ಅಲ್ಲಿಂದ ಗೆಲುವೇ ನಿಂತಿತು. 1980ರ ಲೇಕ್ ಪ್ಲಾಸಿಡ್ ಒಲಿಂಪಿಕ್ಸ್ ತಂಡದಲ್ಲಿ ಒಲಿಂಪಿಕ್ ಚಾಂಪಿಯನ್‌ಗೇ ಜಾಗ ಸಿಗಲಿಲ್ಲ. ಆಸ್ಟ್ರಿಯಾದ ತಂಡ ಅಷ್ಟು ಬಿಗಿ: ಮೀಸಲು ಆಟಗಾರನಾಗಿ ಹೋಗಿದ್ದ ಲಿಯೊನ್‌ಹಾರ್ಡ್ ಸ್ಟಾಕ್ ಅಲ್ಲಿ ಚಿನ್ನ ತಂದರು. ಡೌನ್‌ಹಿಲ್‌ನಲ್ಲಿ ಇಂಥ ಕುಸಿತಕ್ಕೆ ಕಾರಣ ಹುಡುಕುವುದೇ ತಲೆನೋವು. ಒಂದು ಸೆಕೆಂಡ್ ಹಿಂದೆ ಬಿದ್ದರೆ ಅದು ಸ್ಕೀಯದೋ, ಮೇಣದ್ದೋ, ತಿರುವಿನಲ್ಲಿ ಒಳಗೊಳಗೇ ಹಿಂಜರಿದದ್ದೋ ಗಡಿಯಾರ ಹೇಳುವುದಿಲ್ಲ.

1981ರ ಡಿಸೆಂಬರ್‌ನಲ್ಲಿ ಫ್ರಾನ್ಸಿನ ವಾಲ್ ಡಿಸೇರ್‌ನಲ್ಲಿ ಮತ್ತೆ ಗೆದ್ದರು. 1983ರಲ್ಲಿ ಐದನೇ ಸಲ ಡೌನ್‌ಹಿಲ್ ಪಟ್ಟ. ನನ್ನ ಮಟ್ಟಿಗೆ ಇನ್ಸ್‌ಬ್ರುಕ್‌ಗಿಂತ ಇದೇ ತೂಕದ ಸಾಧನೆ. ಇಪ್ಪತ್ತೆರಡರ ಹುಡುಗನಿಗೆ ಧೈರ್ಯ ಇರುತ್ತದೆ, ಅಷ್ಟು ಸೋತ ಮೇಲೂ ಬೇಲಿಯ ಹತ್ತಿರ ಹೋಗುವವರು ಕಡಿಮೆ. 1984ರ ಜನವರಿಯಲ್ಲಿ ಕಿಟ್ಸ್‌ಬ್ಯೂಲ್ ಅನ್ನು ನಾಲ್ಕನೇ ಬಾರಿ ಗೆದ್ದರು, 1985ರಲ್ಲಿ ನಿವೃತ್ತಿ. ವಿಶ್ವಕಪ್ ಡೌನ್‌ಹಿಲ್ ಗೆಲುವು ಒಟ್ಟು 25, ಗಂಡಸರಲ್ಲಿ ಅದನ್ನು ಇನ್ನೂ ಯಾರೂ ಮುಟ್ಟಿಲ್ಲ.